ಹಾಳೆಯ ತೋರಣ, ಹಳೆಯ ಸೀರೆ

(ಪೂರಕ ಓದು)



ಈ ಪಾಠದಲ್ಲಿ ಶಾಂತಿನಗರದ ಒಂದು ಮನೆಯ ಕತೆ ಇದೆ. ಕತೆ ನಾವು ಕಟ್ಟಿದ್ದು. ಆದರೆ ಇಂಥ ಮಾತು ಮದುವೆ ಗೊತ್ತಾದ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಮೊದಲು ಕತೆಯನ್ನು ಗಟ್ಟಿಯಾಗಿ ಓದಿರಿ. ಆಮೇಲೆ ಕೈಯಿಂದ ಮಾಡಿರಿ. ಕೊನೆಗೆ ಲೆಕ್ಕ ಹಾಕಿರಿ.

ಓದಿರಿ

ಮಗಳ ಮದುವೆ ಗೊತ್ತಾಗಿತ್ತು. ಅಕ್ಕಿಕಾಳಿಗೆ ಇನ್ನು 20 ದಿನ ಉಳಿದಿತ್ತು. ಬಂಗಾರ, ಬಟ್ಟೆ, ಊಟದ ಸಾಮಾನು ಎಲ್ಲ ಆಗಿತ್ತು. ಕೂಡಿಟ್ಟ ಹಣವೂ ಮುಗಿದಿತ್ತು.

ಒಂದು ಸಂಜೆ ತಾಯಿ ಓದು ಕೇಂದ್ರದಿಂದ ಮನೆಗೆ ಬಂದಳು. ಮಗಳು ಫೋನ್ ಹಿಡಿದು ಓಡಿ ಬಂದಳು.

"ಅವ್ವಾ, ಇಲ್ಲಿ ನೋಡು. ಈಗ ಹಳೇ ಕಾಲದ ಮದುವಿ ಥರ ಹಂದರ ಮಾಡ್ತಾರ. ಕಾಗದದ ಹೂವ, ಕಂದೀಲ, ಹಳೇ ಫೋಟೋ. ಎಷ್ಟು ಚಂದ ಅದ!"

"ಚಂದ ಅದ. ಎಷ್ಟು ಕೇಳ್ತಾರ?"

"ಇಪ್ಪತ್ತು ಸಾವಿರ."

ತಾಯಿ ಮಾತಾಡಲಿಲ್ಲ. ಚೀಲದಿಂದ ಪಾಟಿ ತೆಗೆದಳು. ಕೇಂದ್ರದಲ್ಲಿ ಆ ವಾರವೇ ಬಡ್ಡಿ ಲೆಕ್ಕ ಕಲಿತಿದ್ದಳು. ಸಾಲ ತಂದರೆ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಇಪ್ಪತ್ತು ಸಾವಿರದಲ್ಲಿ 200 ನೂರುಗಳು. 200 ಮೂರಲೆ 600. ವರ್ಷಕ್ಕೆ 12 ತಿಂಗಳು. 600 ಹನ್ನೆರಡಲೆ 7,200.

"ಒಂದು ದಿನದ ಹೂವಿಗೆ ವರ್ಷದ ಬಡ್ಡಿನೇ ಏಳು ಸಾವಿರದ ಇನ್ನೂರು. ಅಸಲು ಹಂಗೇ ಉಳೀತದ" ಅಂದಳು ತಾಯಿ.

ಮಗಳು ಹಟ ಮಾಡಲಿಲ್ಲ. ಫೋನ್ ಕೆಳಗಿಟ್ಟಳು. ಆದರೆ ಮುಖ ಸಣ್ಣದಾಯಿತು. ಅದನ್ನು ನೋಡಿ ತಾಯಿಗೂ ಸಂಕಟವಾಯಿತು.

ಮೂಲೆಯಲ್ಲಿ ಆಯಿ ಕೂತಿದ್ದಳು. ಆಕೆಗೆ ಓದು ಬರುವುದಿಲ್ಲ. ಆದರೆ ಎಲ್ಲ ಕೇಳಿಸಿಕೊಂಡಿದ್ದಳು.

"ಹಳೇ ಕಾಲದ್ದು ಬೇಕಂದ್ರ ಪ್ಯಾಟಿಗ್ಯಾಕ ಹೋಗ್ತೀರಿ? ನನ್ನ ಟ್ರಂಕ್ ತಗೀರಿ" ಅಂದಳು.

ಟ್ರಂಕಿನಲ್ಲಿ ಮೇಲೆ ಒಂದು ನಾರಾಯಣಪೇಟೆ ಸೀರೆ ಇತ್ತು. ಚೌಕಳಿ ಮೈ, ಕೆಂಪು ಅಂಚು. ಅದರ ಕೆಳಗೆ ಆಯಿಯ ಲಗ್ನಪತ್ರಿಕೆ. ನಾಲ್ಕೂ ಮೂಲೆಗೆ ಹಚ್ಚಿದ ಅರಿಷಿಣ ಮಾಸಿತ್ತು. ಒಂದು ಕಪ್ಪು-ಬಿಳುಪು ಫೋಟೋ. ಬಟ್ಟೆಯಲ್ಲಿ ಸುತ್ತಿದ ಒಂದು ಬಾಸಿಂಗ. ಎಲ್ಲಕ್ಕೂ ಕೆಳಗೆ ಒಂದು ಮೂರು ಮೂಲೆಯ ಗುಲಾಬಿ ಹಾಳೆ.

"ಇದೇನು ಆಯಿ?"

"ನಮ್ಮ ಲಗ್ನದ ಹಂದರದ ಹಾಳಿ. ನಾ ಬರ್ತೀನಂತ ನಿಮ್ಮ ಮುತ್ಯಾ ತಾವೇ ಕೂತು ಕತ್ತರಿಸಿ ಅಂಟಿಸಿದ್ರಂತ. ನಮ್ಮತ್ತಿ ಹೇಳಿ ನಕ್ಕಿದ್ರು. ಅದಕ್ಕ ಒಂದು ಹಾಳಿ ಇಟಗೊಂಡೀನಿ."

ಮಗಳು ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಆಯಿ, ನಾ ನಿನ್ನ ಸೀರಿನೇ ಉಡ್ತೀನಿ. ಹಂದರ ನಾವೇ ಮಾಡೋಣ" ಅಂದಳು.

ಮರುದಿನ ಬಣ್ಣದ ಹಾಳೆ ತಂದರು. ರಾತ್ರಿ ಊಟ ಆದ ಮೇಲೆ ಓಣಿಯ ಹೆಣ್ಣುಮಕ್ಕಳು ಬಂದರು. ಒಬ್ಬರು ಕತ್ತರಿಸಿದರು. ಒಬ್ಬರು ಗಂಜಿ ಕಾಸಿದರು. ಒಬ್ಬರು ದಾರ ಹಿಡಿದರು. ಮಕ್ಕಳು ಅಂಟಿಸಿದರು.

ಬಾಗಿಲಿಗೆ ಐದು ದೊಡ್ಡ ಹಾಳೆ. ಒಂದೊಂದು ಹಾಳೆಗೆ ಒಂದೊಂದು ಅಕ್ಷರ. ಶು - ಭ - ವಿ - ವಾ - ಹ.

"ಅಕ್ಷರ ನೀ ಬರಿ ಅವ್ವಾ" ಅಂದಳು ಮಗಳು.

"ನನ್ನ ಕೈ ನಡುಗ್ತದ. ತಪ್ಪಾದ್ರ ಬೀಗರು ನಗ್ತಾರ."

"ನಕ್ಕರ ನಗಲಿ. ನೀ ಬರಿ."

ತಾಯಿ ಬರೆದಳು. ಶು ಬರೆದಳು. ಎರಡನೆಯ ಹಾಳೆಗೆ ಬ ಬರೆದಳು. ವಿ, ವಾ, ಹ ಬರೆದಳು. ಮಗಳು ನೋಡಿ ಸ್ವಲ್ಪ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಅವ್ವಾ, ಎರಡನೇದು ಭ ಆಗಬೇಕು. ಕೆಳಗ ಒಂದು ಗೆರಿ ಬಿಟ್ಟೀದಿ" ಅಂದಳು.

ತಾಯಿಯ ಮುಖ ಕೆಂಪಾಯಿತು. ಹಾಳೆ ಹರಿಯಲು ಹೋದಳು. ಮಗಳು ಕೈ ಹಿಡಿದಳು.

"ಹರೀಬ್ಯಾಡ. ಗೆರಿ ಹಾಕು, ಸಾಕು."

ತಾಯಿ ಗೆರೆ ಹಾಕಿದಳು. ಬ ಹೋಗಿ ಭ ಆಯಿತು. ಹೊಸ ಹಾಳೆ ಬೇಕಾಗಲಿಲ್ಲ.

ಮದುವೆ ದಿನ ಬೀಗಿತ್ತಿ ಬಾಗಿಲಲ್ಲಿ ನಿಂತು ಐದೂ ಅಕ್ಷರ ಓದಿದಳು. "ಯಾರು ಬರದಾರ್ರೀ ಇದನ್ನ?" ಅಂತ ಕೇಳಿದಳು.

"ನಾ ಬರದೀನ್ರಿ" ಅಂದಳು ತಾಯಿ.

ತಿಳಿಯಿರಿ

1. ಬಾಸಿಂಗ: ವಧೂವರರ ಹಣೆಗೆ ಕಟ್ಟುವ ಅಲಂಕಾರ. ತೆಲುಗಿನಲ್ಲಿ ಇದಕ್ಕೆ ಬಾಸಿಕಂ ಅನ್ನುತ್ತಾರೆ. ಬೆಂಡು, ಬಣ್ಣದ ಕಾಗದ, ಜರಿ, ಮುತ್ತು ಸೇರಿಸಿ ಕೈಯಿಂದ ಮಾಡುತ್ತಾರೆ. ಬೆಂಡು ಅಂದರೆ ಗಿಡದ ಒಳಗಿನ ಹಗುರವಾದ ತಿರುಳು. ಕಾಗದದ ಅಲಂಕಾರ ಪೇಟೆಯಿಂದ ಬಂದ ಹೊಸ ಸಂಗತಿ ಅಲ್ಲ. ನಮ್ಮ ಮದುವೆಯಲ್ಲಿ ಅದು ಹಣೆಯ ಮೇಲೇ ಇದೆ.

2. ನಮ್ಮ ಸೀಮೆಯ ಸೀರೆ: ನಾರಾಯಣಪೇಟೆ ಸೀರೆಗೆ ಚೌಕಳಿ ಮೈ ಮತ್ತು ಬೇರೆ ಬಣ್ಣದ ಅಂಚು ಗುರುತು. ಗದ್ವಾಲ ಸೀರೆಯ ಮೈ ಹತ್ತಿ. ಅಂಚು ಮತ್ತು ಸೆರಗು ರೇಷ್ಮೆ. ಮಗ್ಗದಲ್ಲಿ ನೇಯುವಾಗಲೇ ಅಂಚನ್ನು ಮೈಗೆ ಕೂಡಿಸುತ್ತಾರೆ. ಎರಡು ಸೀರೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಅಂದರೆ ಬೇರೆ ಕಡೆ ಮಾಡಿದ ಸೀರೆಗೆ ಈ ಹೆಸರು ಹಚ್ಚಿ ಮಾರುವಂತಿಲ್ಲ. ಟ್ರಂಕಿನಲ್ಲಿರುವ ಹಳೆ ಸೀರೆಯನ್ನು ಆಗಾಗ ತೆಗೆದು ನೆರಳಿನಲ್ಲಿ ಹರವಿರಿ. ಬೇರೆ ಮಡಿಕೆಯಲ್ಲಿ ಮಡಚಿ ಇಡಿರಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಸೀರೆ ಮಡಿಕೆಯಲ್ಲೇ ಸೀಳುತ್ತದೆ.

3. ಬಟ್ಟೆಯಿಂದ ಕಾಗದ: ಕಾಗದ ಮಾಡುವುದನ್ನು ಮೊದಲು ಕಲಿತವರು ಚೀನಾ ದೇಶದವರು. ಇದಕ್ಕೆ ಸುಮಾರು 2000 ವರ್ಷ ಆಯಿತು. ನಮ್ಮ ದೇಶದಲ್ಲಿ ಹಳೆಯ ಹತ್ತಿ ಬಟ್ಟೆಯನ್ನು ನೆನೆಸಿ, ಅರೆದು, ಜರಡಿಯಲ್ಲಿ ಎತ್ತಿ, ಒಣಗಿಸಿ ಕೈಕಾಗದ ಮಾಡುತ್ತಾರೆ. ಮಹಾರಾಷ್ಟ್ರದ ದೌಲತಾಬಾದ್ ಹತ್ತಿರದ ಕಾಗಜೀಪುರಕ್ಕೆ ಆ ಹೆಸರು ಬಂದದ್ದು ಈ ಕಸುಬಿನಿಂದಲೇ.

4. ಚೀನಾದ ಮದುವೆ: ಅಲ್ಲಿ ಮದುವೆ ಮನೆಯ ಬಾಗಿಲಿಗೆ, ಕಿಟಕಿಗೆ ಕೆಂಪು ಕಾಗದದಲ್ಲಿ ಕತ್ತರಿಸಿದ ಒಂದು ಅಕ್ಷರ ಅಂಟಿಸುತ್ತಾರೆ. "ಸಂತೋಷ" ಎನ್ನುವ ಅಕ್ಷರವನ್ನು ಎರಡು ಸಲ ಜೋಡಿಸಿದರೆ ಆ ಅಕ್ಷರ ಆಗುತ್ತದೆ. ಗಂಡಿಗೊಂದು ಸಂತೋಷ, ಹೆಣ್ಣಿಗೊಂದು ಸಂತೋಷ. ಬಾಗಿಲಿಗೆ ಅಕ್ಷರ ಕಟ್ಟುವುದು ನಮ್ಮಲ್ಲಿ ಮಾತ್ರ ಅಲ್ಲ.

5. ಪ್ಲಾಸ್ಟಿಕ್ ಬೇಡ: ಪ್ಲಾಸ್ಟಿಕ್ ಧ್ವಜ ಮತ್ತು ಅಲಂಕಾರದ ಥರ್ಮೋಕೋಲನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಆಮಂತ್ರಣ ಪತ್ರಿಕೆಗೆ ಸುತ್ತುವ ತೆಳು ಪ್ಲಾಸ್ಟಿಕ್ಕಿಗೂ ನಿಷೇಧವಿದೆ. ಕಾಗದ, ಬಟ್ಟೆ, ಮಾವಿನ ಎಲೆ ಬಳಸಿರಿ.

ಮಾಡಿ ನೋಡಿರಿ

ಗಂಜಿ: ಎರಡು ಚಮಚ ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿರಿ. ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಗಟ್ಟಿಯಾಗುವ ತನಕ ತಿರುವಿರಿ. ಆ ದಿನದ ಗಂಜಿ ಆ ದಿನವೇ ಮುಗಿಸಿರಿ. ಹುಳ ಬೀಳಬಾರದೆಂದು ಕೆಲವರು ಮೈಲುತುತ್ತ ಹಾಕುತ್ತಾರೆ. ಮೈಲುತುತ್ತ ವಿಷ. ಮಕ್ಕಳಿರುವ ಮನೆಯಲ್ಲಿ ಹಾಕಬೇಡಿರಿ.

ತೋರಣ: ಹಾಳೆಯನ್ನು ಮೂರು ಮೂಲೆಯಾಗಿ ಕತ್ತರಿಸಿರಿ. ಮೇಲಿನ ಅಂಚನ್ನು ಒಂದು ಬೆರಳು ಅಗಲ ಮಡಚಿರಿ. ಮಡಿಕೆಯೊಳಗೆ ದಾರ ಇಟ್ಟು ಅಂಟಿಸಿರಿ.

ಹೂವು: ಪತಂಗದ ಹಾಳೆಯಂಥ ತೆಳು ಹಾಳೆ ತೆಗೆದುಕೊಳ್ಳಿರಿ. ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದದ 6 ತುಂಡು ಒಂದರ ಮೇಲೊಂದು ಇಡಿರಿ. ಬೀಸಣಿಗೆಯಂತೆ ಹಿಂದೆ ಮುಂದೆ ಮಡಚಿರಿ. ನಟ್ಟನಡುವೆ ದಾರ ಬಿಗಿಯಿರಿ. ಎರಡೂ ತುದಿಯನ್ನು ದುಂಡಗೆ ಕತ್ತರಿಸಿರಿ. ಆಮೇಲೆ ಒಂದೊಂದು ಪದರನ್ನು ನಡುವಿನ ಕಡೆಗೆ ಮೆಲ್ಲಗೆ ಎತ್ತಿರಿ. ಹೂವು ಅರಳುತ್ತದೆ.

ಎಚ್ಚರ: ಕಾಗದ ಬೇಗ ಬೆಂಕಿ ಹಿಡಿಯುತ್ತದೆ. ಹೋಮ, ಒಲೆ, ದೀಪ, ಬಿಸಿ ಬಲ್ಬುಗಳಿಂದ ದೂರ ಕಟ್ಟಿರಿ. ಹತ್ತಿರ ಒಂದು ಕೊಡ ನೀರು ಇಡಿರಿ.

ಲೆಕ್ಕ ಹಾಕಿರಿ

ಹಂದರದ ಉದ್ದ 20 ಅಡಿ, ಅಗಲ 15 ಅಡಿ. ಸುತ್ತಳತೆ ಎಷ್ಟು?
20 + 15 + 20 + 15 = 70 ಅಡಿ.

ಒಂದು ಅಡಿಗೆ ಒಂದು ತುಂಡು ಕಟ್ಟಿದರೆ 70 ತುಂಡು ಬೇಕು. ಒಂದು ಹಾಳೆಯಲ್ಲಿ 8 ತುಂಡು ಆಗುತ್ತವೆ ಎಂದುಕೊಳ್ಳಿರಿ. 9 ಹಾಳೆ ತಂದರೆ 72 ತುಂಡು. ಎರಡು ಉಳಿಯುತ್ತವೆ. ಒಂದು ಹಾಳೆಗೆ 5 ರೂಪಾಯಿ ಆದರೆ 9 ಹಾಳೆಗೆ 45 ರೂಪಾಯಿ.

ಈಗ ನಿಮ್ಮ ಮನೆಯ ಅಂಗಳ ಅಳೆದು ಇದೇ ಲೆಕ್ಕ ಮಾಡಿರಿ.

ಮರೆಯಬೇಡಿರಿ

ಮದುವೆಯಲ್ಲಿ ಇನ್ನೊಂದು ಕಾಗದ ಇದೆ. ಅದು ಮದುವೆ ನೋಂದಣಿಯ ಪತ್ರ. ತೋರಣದ ಹಾಳೆ ಮಳೆಗೆ ಹರಿಯುತ್ತದೆ. ಈ ಪತ್ರವನ್ನು ಮಾತ್ರ ಜೋಪಾನ ಮಾಡಿರಿ. ಲಗ್ನಪತ್ರಿಕೆ ಅಚ್ಚು ಹಾಕಿಸುವ ಮೊದಲು ವಯಸ್ಸು ನೋಡಿರಿ. 2006ರ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು.

ಹೊಸ ಪದಗಳು

ಹಂದರ - ಚಪ್ಪರ
ಅಕ್ಕಿಕಾಳು - ಮದುವೆ ಮುಹೂರ್ತ
ಆಯಿ - ಅಜ್ಜಿ
ಮುತ್ಯಾ - ಅಜ್ಜ
ಅಸಲು - ಸಾಲ ತಂದ ಮೂಲ ಹಣ

ಅಭ್ಯಾಸ

1. ತಾಯಿ ಸಾಲ ಏಕೆ ಬೇಡ ಅಂದಳು?
2. ಆಯಿ ಗುಲಾಬಿ ಹಾಳೆಯನ್ನು ಏಕೆ ಇಟ್ಟುಕೊಂಡಿದ್ದಳು?
3. ಈ ಜೋಡಿಗಳನ್ನು ಐದು ಸಲ ಬರೆಯಿರಿ: ಬ-ಭ, ದ-ಧ, ಪ-ಫ. ಗೆರೆ ಎಲ್ಲಿ ಬರುತ್ತದೆ ನೋಡಿರಿ.
4. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಮದುವೆಯ ಏನೇನು ಇದೆ? ಮೂರು ಸಾಮಾನಿನ ಹೆಸರು ಬರೆಯಿರಿ.
5. ನಾಲ್ಕು ಹಾಳೆಗೆ ಸು - ಸ್ವಾ - ಗ - ತ ಎಂದು ಬರೆದು ನಿಮ್ಮ ಓದು ಕೇಂದ್ರದ ಬಾಗಿಲಿಗೆ ಕಟ್ಟಿರಿ.