ಎಂಜಿನ್ ಇಲ್ಲದ ರೈಲು



ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಹತ್ತಿದ್ದೀರಲ್ಲವೆ? ಮೇಲೆ ಹೋದಾಗ ಎದೆ ಝಲ್ ಅನ್ನುತ್ತೆ. ಕೆಳಗೆ ಬರುವಾಗ ಹೊಟ್ಟೆಯಲ್ಲಿ ಏನೋ ಹಾರಿದ ಹಾಗೆ ಆಗುತ್ತೆ. ಈಗ ಅಂಥ ಆಟಗಳಿಗೇ ದೊಡ್ಡ ದೊಡ್ಡ ಪಾರ್ಕುಗಳು ಬಂದಿವೆ. ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಕಡೆ ದುಡಿಯುವ ನಮ್ಮ ಜನರೂ ರಜೆ ದಿನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ.

ಆ ಪಾರ್ಕುಗಳಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ರೋಲರ್ ಕೋಸ್ಟರ್ ಮೇಲೆ. ಎತ್ತರದ ಕಂಬಗಳು. ಅವುಗಳ ಮೇಲೆ ಸುತ್ತಿ ಬಳಸಿದ ಉಕ್ಕಿನ ಹಳಿ. ಹಳಿಯ ಮೇಲೆ ಪುಟ್ಟ ರೈಲು. ಅದು ಹೇಗೆ ಓಡುತ್ತೆ? ಅದನ್ನು ಹೇಗೆ ಕಟ್ಟುತ್ತಾರೆ? ಹತ್ತುವ ಮುಂಚೆ ನಾವು ಏನು ನೋಡಬೇಕು? ಬನ್ನಿ, ತಿಳಿಯೋಣ.

ಬಿಡದಿಯಿಂದ ಚೆನ್ನೈಗೆ

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಹೋದರೆ ಬಿಡದಿ ಸಿಗುತ್ತೆ. ಅಲ್ಲಿ 2005ರಲ್ಲಿ ವಂಡರ್‌ಲಾ ಪಾರ್ಕು ಶುರುವಾಯಿತು. ಅಲ್ಲಿರುವ ಒಂದು ರೋಲರ್ ಕೋಸ್ಟರ್ ಹೆಸರು 'ರಿಕಾಯ್ಲ್'. ಅದರ ರೈಲು ಮುಂದಕ್ಕೆ ಓಡಿ, ತಲೆಕೆಳಗಾಗಿ ತಿರುಗಿ, ಹೋದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸು ಬರುತ್ತೆ.

ಅದೇ ಕಂಪನಿ 2025ರ ಡಿಸೆಂಬರ್‌ನಲ್ಲಿ ಚೆನ್ನೈ ಹತ್ತಿರ ತಿರುಪ್ಪೋರೂರು ಕಡೆ ಒಂದು ಹೊಸ ಪಾರ್ಕು ತೆರೆಯಿತು. ಅಲ್ಲಿ 'ತಂಜೋರಾ' ಅನ್ನುವ ಹೊಸ ರೋಲರ್ ಕೋಸ್ಟರ್ ಕಟ್ಟಿದ್ದಾರೆ. ಅದನ್ನು ತಯಾರಿಸಿದ್ದು ಸ್ವಿಟ್ಜರ್ಲೆಂಡ್ ದೇಶದ ಬೊಲಿಗರ್ ಅಂಡ್ ಮಬಿಲಾರ್ಡ್ ಕಂಪನಿ. ಇದರಲ್ಲಿ ಹಳಿ ಇರುವುದು ಕಾಲಿನ ಕೆಳಗಲ್ಲ, ತಲೆಯ ಮೇಲೆ! ಕೂತವರ ಕಾಲು ಗಾಳಿಯಲ್ಲಿ ತೂಗಾಡುತ್ತೆ.

ಓಡಿಸುವವರು ಯಾರು?

ಈ ರೈಲಿಗೆ ಎಂಜಿನ್ ಇಲ್ಲ. ಡ್ರೈವರೂ ಇಲ್ಲ. ಹಾಗಾದರೆ ಓಡುವುದು ಹೇಗೆ?

ಸೈಕಲ್ಲನ್ನು ದಿಬ್ಬದ ಮೇಲೆ ತಳ್ಳಿಕೊಂಡು ಹೋಗುತ್ತೇವೆ. ಆಗ ಬೆವರು ಬರುತ್ತೆ. ಇಳಿಜಾರಿನಲ್ಲಿ ಪೆಡಲ್ ತುಳಿಯುವುದೇ ಬೇಡ, ತಾನೇ ಓಡುತ್ತೆ. ಇಲ್ಲಿಯೂ ಅಷ್ಟೆ. ಮೋಟಾರಿಗೆ ಜೋಡಿಸಿದ ಚೈನು ರೈಲನ್ನು ಮೊದಲನೇ ದಿಬ್ಬಕ್ಕೆ ಎಳೆಯುತ್ತೆ. ತುದಿಗೆ ಬಂದ ಮೇಲೆ ಬಿಟ್ಟುಬಿಡುತ್ತೆ. ಆಮೇಲೆ ರೈಲನ್ನು ಎಳೆಯುವುದು ಭೂಮಿ.

ಒಂದು ಲೆಕ್ಕ ನೋಡಿ. 5 ಮೀಟರ್ ಎತ್ತರದಿಂದ ಇಳಿದರೆ ಕೆಳಗೆ ಬರುವಾಗ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. 20 ಮೀಟರ್ ಎತ್ತರದಿಂದ ಇಳಿದರೆ ಸುಮಾರು 71 ಕಿಲೋಮೀಟರ್. ಅಂದರೆ ಎತ್ತರ ನಾಲ್ಕು ಪಟ್ಟು ಆದರೆ ವೇಗ ಎರಡು ಪಟ್ಟು. ಗಾಳಿ ಮತ್ತು ಗಾಲಿಯ ತಿಕ್ಕಾಟದಿಂದ ವೇಗ ಸ್ವಲ್ಪ ಕಡಿಮೆ ಆಗುತ್ತೆ. ಅದಕ್ಕೇ ಮುಂದಿನ ದಿಬ್ಬಗಳನ್ನು ಮೊದಲನೇ ದಿಬ್ಬಕ್ಕಿಂತ ಗಿಡ್ಡ ಮಾಡುತ್ತಾರೆ. ಇಲ್ಲದಿದ್ದರೆ ರೈಲು ಹತ್ತಲಾರದೆ ಹಿಂದಕ್ಕೆ ಜಾರುತ್ತೆ.

ತಲೆಕೆಳಗಾದಾಗ ಜನ ಯಾಕೆ ಬೀಳುವುದಿಲ್ಲ? ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ ಜೋರಾಗಿ ಮೇಲೆ ಕೆಳಗೆ ಸುತ್ತು ತಿರುಗಿಸಿ ನೋಡಿ. ನೀರು ಚೆಲ್ಲುವುದಿಲ್ಲ. ಮೆಲ್ಲಗೆ ತಿರುಗಿಸಿದರೆ ಮೈಯೆಲ್ಲಾ ಒದ್ದೆ! ರೈಲಿಗೂ ಅಷ್ಟು ವೇಗ ಬೇಕೇ ಬೇಕು. ಜೊತೆಗೆ ಭುಜ ಅಥವಾ ತೊಡೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ಬಾರು ಇರುತ್ತೆ.

ಹಳಿ ಬಿಡದ ಗಾಲಿ

ಈ ಆಟ ಹಳೆಯದು. 1884ರಲ್ಲಿ ಅಮೆರಿಕದ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಇಂಥ ಒಂದು ರೈಲು ಶುರುವಾಯಿತು. ಅದರ ವೇಗ ಗಂಟೆಗೆ ಬರೀ 10 ಕಿಲೋಮೀಟರ್. ಸೈಕಲ್ಲಿಗಿಂತ ಕಡಿಮೆ. ವೇಗ ಹೆಚ್ಚಿಸಿದರೆ ರೈಲು ಹಳಿಯಿಂದ ಹಾರುವ ಭಯ ಇತ್ತು.

1919ರಲ್ಲಿ ಜಾನ್ ಮಿಲ್ಲರ್ ಅನ್ನುವವರು ಇದಕ್ಕೆ ಉಪಾಯ ಹೇಳಿದರು. ಹಳಿಯ ಕೆಳಗಡೆಯಿಂದಲೂ ಒಂದು ಗಾಲಿ ಇಟ್ಟರು. ಇಂದಿನ ರೋಲರ್ ಕೋಸ್ಟರ್‌ಗಳಲ್ಲಿ ಮೂರು ಕಡೆ ಗಾಲಿ ಇರುತ್ತೆ. ಒಂದು ಹಳಿಯ ಮೇಲೆ, ಒಂದು ಪಕ್ಕದಲ್ಲಿ, ಒಂದು ಕೆಳಗೆ. ನಾವು ಕೈ ಮುಚ್ಚಿ ಕೋಲು ಹಿಡಿದ ಹಾಗೆ ಅವು ಹಳಿಯನ್ನು ಹಿಡಿದಿರುತ್ತವೆ.

'ದಿಬ್ಬ ಹತ್ತುವಾಗಲೇ ಕರೆಂಟು ಹೋದರೆ ಏನು ಗತಿ?' ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ದಿಬ್ಬ ಹತ್ತುವಾಗ ಟಕ್ ಟಕ್ ಟಕ್ ಅಂತ ಸದ್ದು ಕೇಳುತ್ತಲ್ಲ, ಅದು ಕೊಂಡಿಯ ಸದ್ದು. ರೈಲಿನ ಕೊಂಡಿ ಹಳಿಯ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತಾ ಹೋಗುತ್ತೆ. ಕರೆಂಟು ಹೋದರೂ ರೈಲು ಹಿಂದಕ್ಕೆ ಜಾರುವುದಿಲ್ಲ. ಬ್ರೇಕುಗಳನ್ನೂ ಹಾಗೇ ಮಾಡಿರುತ್ತಾರೆ. ಗಾಳಿಯ ಒತ್ತಡದಿಂದ ತೆರೆಯುವ ಬ್ರೇಕು, ಒತ್ತಡ ಹೋದರೆ ತಾನೇ ಬಿಗಿಯಾಗುತ್ತೆ.

ಕಟ್ಟುವ ಕೈಗಳು

ರೋಲರ್ ಕೋಸ್ಟರ್ ಕಟ್ಟುವುದು ಕಾಗದದ ಮೇಲೆ ಶುರುವಾಗುತ್ತೆ. ಎಷ್ಟು ಎತ್ತರ, ಎಷ್ಟು ತಿರುವು, ಎಷ್ಟು ಭಾರ ಅಂತ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಆಮೇಲೆ ಮಣ್ಣು ಪರೀಕ್ಷೆ. ನೆಲ ಅಗೆದು ಕಾಂಕ್ರೀಟ್ ಬುನಾದಿ ಹಾಕುತ್ತಾರೆ. ಹಳಿ ಫ್ಯಾಕ್ಟರಿಯಲ್ಲಿ ತುಂಡು ತುಂಡಾಗಿ ತಯಾರಾಗಿ ಬರುತ್ತೆ. ಕ್ರೇನಿನಿಂದ ಅದನ್ನು ಎತ್ತಿ, ಬೋಲ್ಟು ಹಾಕಿ ಜೋಡಿಸುತ್ತಾರೆ.

ಬೋಲ್ಟು, ವೆಲ್ಡಿಂಗು, ಬೇರಿಂಗು ಪೀಣ್ಯದವರಿಗೆ ಹೊಸದಲ್ಲ. ಬೋಲ್ಟನ್ನು ಅಂದಾಜಿನ ಮೇಲೆ ಬಿಗಿಯುವ ಹಾಗಿಲ್ಲ. ಎಷ್ಟು ಬಿಗಿ ಇರಬೇಕು ಅಂತ ಬರೆದಿರುತ್ತಾರೆ. ಟಾರ್ಕ್ ರೆಂಚಿನಿಂದ ಅಷ್ಟೇ ಬಿಗಿಯಬೇಕು. ಸಡಿಲ ಆದರೆ ಅಲುಗಾಡುತ್ತೆ. ಅತಿ ಬಿಗಿ ಆದರೆ ಬೋಲ್ಟು ತುಂಡಾಗಬಹುದು.

ಎತ್ತರದಲ್ಲಿ ಕೆಲಸ ಮಾಡುವವರಿಗೆ ಹೆಲ್ಮೆಟ್ಟೂ ಸೇಫ್ಟಿ ಬೆಲ್ಟೂ ಬೇಕೇ ಬೇಕು. ಬೆಲ್ಟು ಸೊಂಟದಲ್ಲಿ ಇದ್ದರೆ ಸಾಲದು. ಅದರ ಕೊಕ್ಕೆಯನ್ನು ಗಟ್ಟಿ ಜಾಗಕ್ಕೆ ಸಿಕ್ಕಿಸಿರಬೇಕು. 'ಬೇಗ ಮುಗಿಸಪ್ಪ, ಎರಡು ನಿಮಿಷದ ಕೆಲಸ' ಅಂತ ಮೇಸ್ತ್ರಿ ಹೇಳಬಹುದು. ಬೀಳುವುದಕ್ಕೆ ಎರಡು ನಿಮಿಷವೂ ಬೇಡ. ಬೆಲ್ಟು ಕೇಳುವುದು ನಮ್ಮ ಹಕ್ಕು.

ಕಟ್ಟಡ ಮತ್ತು ನಿರ್ಮಾಣ ಕೆಲಸದವರಿಗೆ ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. ವಯಸ್ಸು 18ರಿಂದ 60ರ ಒಳಗೆ ಇರಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ಈ ಕೆಲಸ ಮಾಡಿರಬೇಕು. ಅಂಥವರು ಹೆಸರು ಬರೆಸಿ ಕಾರ್ಡು ಪಡೆಯಬಹುದು.

ಮೊದಲ ಸವಾರ ಮರಳು ಮೂಟೆ

ಕಟ್ಟಿದ ಕೂಡಲೇ ಜನರನ್ನು ಕೂರಿಸುವ ಹಾಗಿಲ್ಲ. ಮೊದಲು ಖಾಲಿ ರೈಲು ಓಡಿಸಬೇಕು. ಆಮೇಲೆ ಮನುಷ್ಯರ ತೂಕದಷ್ಟು ಮರಳು ಮೂಟೆ ಅಥವಾ ನೀರು ತುಂಬಿದ ಬೊಂಬೆ ಇಟ್ಟು ಮತ್ತೆ ಮತ್ತೆ ಓಡಿಸಬೇಕು. ಆಟ ಶುರುವಾದ ಮೇಲೂ ದಿನಾ ಬೆಳಿಗ್ಗೆ ಹಳಿ, ಗಾಲಿ, ಬಾರು, ಬ್ರೇಕು ನೋಡಿ, ಖಾಲಿ ಓಡಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಆಟದ ಯಂತ್ರ ಕೆಟ್ಟರೆ ಜೀವ ಹೋಗುತ್ತೆ. 2016ರ ಮೇ ತಿಂಗಳಲ್ಲಿ ಚೆನ್ನೈ ಹತ್ತಿರದ ಒಂದು ಪಾರ್ಕಿನಲ್ಲಿ ಹೊಸ ಆಟದ ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಕೂತಿದ್ದವರು ಅಲ್ಲಿನ ಕೆಲಸಗಾರರೇ. ಯಂತ್ರ ಮುರಿದು ಬಿತ್ತು, ಒಬ್ಬರು ಸತ್ತರು. 2019ರ ಜುಲೈನಲ್ಲಿ ಅಹಮದಾಬಾದಿನಲ್ಲಿ ತೂಗುವ ಆಟವೊಂದು ಮುರಿದು ಇಬ್ಬರು ಸತ್ತರು. 2025ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ರೋಲರ್ ಕೋಸ್ಟರಿನಿಂದ ಬಿದ್ದು 24 ವರ್ಷದ ಯುವತಿ ತೀರಿಕೊಂಡರು.

ಹಾಗಂತ ಆಟವೇ ಬೇಡ ಅಂತ ಅಲ್ಲ. ಯಂತ್ರ ನೋಡಿಕೊಳ್ಳುವುದು ಪಾರ್ಕಿನವರ ಹೊಣೆ. ಹತ್ತುವ ಮುಂಚೆ ನೋಡಿ, ಓದಿ, ಕೇಳುವುದು ನಮ್ಮ ಕೈಯಲ್ಲಿದೆ.

ಬೋರ್ಡು ಓದೋಣ

ಪ್ರತಿ ಆಟದ ಮುಂದೆ ಒಂದು ಬೋರ್ಡು ಇರುತ್ತೆ. ಒಂದೊಂದು ಆಟಕ್ಕೆ ಒಂದೊಂದು ಅಳತೆ. ಕೆಳಗೆ ಒಂದು ಮಾದರಿ ಇದೆ. ಜೋರಾಗಿ ಓದಿ.

ಎತ್ತರ 140 ಸೆಂಟಿಮೀಟರಿಗಿಂತ ಕಡಿಮೆ ಇರುವವರು ಹತ್ತಬಾರದು.
ಗರ್ಭಿಣಿಯರು ಹತ್ತಬಾರದು.
ಹೃದಯದ ಕಾಯಿಲೆ, ಬಿ.ಪಿ., ಬೆನ್ನು ನೋವು ಇರುವವರು ಹತ್ತಬಾರದು.
ಚಪ್ಪಲಿ, ಮೊಬೈಲು, ದುಪಟ್ಟಾ ಹೊರಗೆ ಇಡಿ.

ಮಗು ಎಷ್ಟೇ ಅತ್ತರೂ ಎತ್ತರ ಸಾಲದಿದ್ದರೆ ಹತ್ತಿಸಬೇಡಿ. ಬಾರು ಮಾಡಿರುವುದು ದೊಡ್ಡ ಮೈಗೆ. ಚಿಕ್ಕ ಮೈ ಅದರ ಸಂದಿಯಲ್ಲಿ ಜಾರಿಬಿಡುತ್ತೆ. 'ಒಂದೇ ಒಂದು ಸಲ ಬಿಡಿ ಸಾರ್' ಅಂತ ಕೇಳಿಕೊಳ್ಳುವುದೂ ಬೇಡ.

ಕೂತ ಮೇಲೆ ಬಾರನ್ನು ಕೈಯಿಂದ ಒಮ್ಮೆ ಮೇಲಕ್ಕೆ ಎತ್ತಿ ನೋಡಿ. ಅಲುಗಾಡಿದರೆ ಕೈ ಎತ್ತಿ ಕೂಗಿ ಹೇಳಿ. ಹಿಂದೆ ಸಾಲು ಕಾಯುತ್ತಿದೆ ಅಂತ ನಾಚಿಕೆ ಪಡಬೇಡಿ. ಸರಿ ಮಾಡುವವರೆಗೆ ರೈಲು ಬಿಡಬಾರದು.

ಉತ್ತರ ಹೇಳಿ

1. ರೋಲರ್ ಕೋಸ್ಟರ್ ರೈಲಿಗೆ ಎಂಜಿನ್ ಇಲ್ಲ. ಅದು ಹೇಗೆ ಓಡುತ್ತೆ?
2. ಗಾಲಿಗಳು ಹಳಿಯ ಯಾವ ಯಾವ ಕಡೆ ಇರುತ್ತವೆ?
3. ಬೋಲ್ಟನ್ನು ಅಂದಾಜಿನ ಮೇಲೆ ಯಾಕೆ ಬಿಗಿಯಬಾರದು?
4. ಬಾರು ಅಲುಗಾಡಿದರೆ ನೀವು ಏನು ಮಾಡುತ್ತೀರಿ?

ಮಾಡಿ ನೋಡಿ

ಮನೆಯ ಗೋಡೆಯ ಮೇಲೆ 140 ಸೆಂಟಿಮೀಟರಿಗೆ ಒಂದು ಗೆರೆ ಎಳೆಯಿರಿ. ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ ಅಳೆಯಿರಿ. ಅವರ ಹೆಸರು, ಎತ್ತರ, ತಾರೀಕು ನೀವೇ ಬರೆಯಿರಿ. ನೀವು ಕೆಲಸ ಮಾಡುವ ಜಾಗದಲ್ಲಿ ಇರುವ ಎಚ್ಚರಿಕೆ ಬೋರ್ಡನ್ನೂ ನೋಡಿಕೊಂಡು ಬರೆದು ತನ್ನಿ. ಮುಂದಿನ ತರಗತಿಯಲ್ಲಿ ಎಲ್ಲರೂ ಸೇರಿ ಓದೋಣ.