ನಾನೂರು ಆಟಗಳ ಪೆಟ್ಟಿಗೆಯೂ ಏಳನೆಯ ಕಟ್ಟಳೆಯೂ



ಬೇಸಿಗೆ ರಜೆ, ಹುಟ್ಟುಹಬ್ಬ, ಪ್ರಥಮ ಪರಮಪ್ರಸಾದ, ಕ್ರಿಸ್ತಜಯಂತಿ - ಮಕ್ಕಳಿಗೆ ಉಡುಗೊರೆ ಕೊಡಿಸುವ ಸಂದರ್ಭಗಳು ವರ್ಷವಿಡೀ ಬರುತ್ತಲೇ ಇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಆಟಿಕೆ ಅಂಗಡಿಗಳಲ್ಲಿಯೂ, ಹಬ್ಬದ ಸಾಲಂಗಡಿಗಳಲ್ಲಿಯೂ, ಮೊಬೈಲಿನಲ್ಲಿ ಆರಿಸಿ ಮನೆಬಾಗಿಲಿಗೆ ತರಿಸುವ ವ್ಯಾಪಾರದಲ್ಲಿಯೂ ಒಂದು ವಸ್ತು ಮಕ್ಕಳ ಕಣ್ಣು ಸೆಳೆಯುತ್ತಿದೆ. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ, ಪುಟ್ಟ ಬಣ್ಣದ ಪರದೆ, ಎಡಗಡೆ ನಾಲ್ಕು ದಿಕ್ಕಿಗೆ ಒತ್ತುವ ಗುಂಡಿ, ಬಲಗಡೆ ಇನ್ನೆರಡು ಗುಂಡಿ, ಒಳಗೆ ಚಾರ್ಜ್ ಮಾಡುವ ಬ್ಯಾಟರಿ. ಡಬ್ಬದ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಒಂದರಲ್ಲೇ 400 ಆಟಗಳು’ ಎಂಬ ಪ್ರಚಾರ. ಬೆಲೆ ಕೆಲವೇ ನೂರು ರೂಪಾಯಿ!

ಇದನ್ನು ಕಂಡು ಮಕ್ಕಳಿಗಿಂತ ಹೆಚ್ಚು ಹಿಗ್ಗುವವರು ಅಪ್ಪಂದಿರು. ಏಕೆಂದರೆ ಒಳಗಿರುವವು 1990ರ ದಶಕದಲ್ಲಿ ಅವರೇ ಟೀವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ಟಿನ ಧೂಳು ಊದಿ ಆಡಿದ ಆಟಗಳು: ಮಾರಿಯೋ, ಪ್ಯಾಕ್‌ಮ್ಯಾನ್, ಕಾಂಟ್ರಾ, ಟೆಟ್ರಿಸ್. ಇಂತಹ ಪೆಟ್ಟಿಗೆಯನ್ನು ಕೊಳ್ಳಬಹುದೇ? ಕೊಳ್ಳುವ ಮೊದಲು ಏನನ್ನು ನೋಡಬೇಕು? ಮನೆಗೆ ತಂದ ಮೇಲೆ ಹೇಗೆ ಬಳಸಬೇಕು? ಈ ವಾರ ವಿಶ್ವಾಸದ ಬೆಳಕಿನಲ್ಲಿ ಇದನ್ನು ಅಭ್ಯಾಸ ಮಾಡೋಣ.

1. ಆಟ ಪಾಪವಲ್ಲ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡೋಣ. ಆಟವೆಂದರೆ ಕಾಲಹರಣ, ಅದು ದೇವರಿಗೆ ಮೆಚ್ಚಿಗೆಯಾಗದು ಎಂಬುದು ಧರ್ಮಸಭೆಯ ಬೋಧನೆಯಲ್ಲ. ದೇವರು ಪುನಃ ಉದ್ಧರಿಸಲಿರುವ ಜೆರುಸಲೇಮನ್ನು ಪ್ರವಾದಿ ಜೆಕರ್ಯನು ವರ್ಣಿಸುವಾಗ, ಅದರ ಬೀದಿಗಳ ತುಂಬ ಬಾಲಕ ಬಾಲಕಿಯರು ಆಡುತ್ತಿರುವುದನ್ನು ಕಾಣುತ್ತಾನೆ (ಜೆಕರ್ಯ 8:5). ಮಕ್ಕಳು ನಿರ್ಭಯವಾಗಿ ಆಡುವ ಊರು ದೇವರ ಆಶೀರ್ವಾದ ಪಡೆದ ಊರು.

ಹದಿಮೂರನೆಯ ಶತಮಾನದ ಮಹಾ ದೈವಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ತಿಯೊಲೊಜಿಯೆ’ ಗ್ರಂಥದಲ್ಲಿ ಆಟವಿನೋದಗಳಲ್ಲಿಯೂ ಒಂದು ಸದ್ಗುಣ ಇರಬಲ್ಲದೆಂದು ಹೇಳಿ, ಶುಭಸಂದೇಶಕಾರ ಸಂತ ಯೊವಾನ್ನರ ಬಗೆಗಿನ ಹಳೆಯ ಕಥೆಯೊಂದನ್ನು ನೆನಪಿಸುತ್ತಾರೆ. ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಆಕ್ಷೇಪಿಸಿದರಂತೆ. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಯೊವಾನ್ನರು ಅವನಿಂದ ಬಾಣದ ಮೇಲೆ ಬಾಣ ಬಿಡಿಸಿ, ಹೀಗೆಯೇ ಎಡೆಬಿಡದೆ ಹೊಡೆಯಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದು ಅವನು ಉತ್ತರಿಸಿದ. ಸದಾ ಬಿಗಿದಿಟ್ಟ ಮನಸ್ಸಿನ ಗತಿಯೂ ಅಷ್ಟೇ ಎಂದರು ಸಂತರು.

ಆದರೆ ಅಕ್ವಿನಾಸರು ಮೂರು ಎಚ್ಚರಿಕೆಗಳನ್ನೂ ಕೊಡುತ್ತಾರೆ. ವಿನೋದವು ಅಸಭ್ಯವೂ ಇತರರಿಗೆ ಹಾನಿಕರವೂ ಆಗಬಾರದು. ಅದರಲ್ಲಿ ಮನಸ್ಸಿನ ಸಮತೋಲ ಕಳೆದುಹೋಗಬಾರದು. ಅದು ವ್ಯಕ್ತಿಗೂ ಕಾಲಕ್ಕೂ ಸ್ಥಳಕ್ಕೂ ತಕ್ಕದ್ದಾಗಿರಬೇಕು. ಇತರರಿಗೆ ಹಾನಿಯಾಗಬಾರದು ಎಂಬ ಮೊದಲನೆಯ ಎಚ್ಚರಿಕೆ ಅಂಗಡಿಯ ಕಟ್ಟೆಯಿಂದಲೇ ಆರಂಭವಾಗುತ್ತದೆ.

2. ಪೆಟ್ಟಿಗೆಯ ಒಳಗೆ ಏನಿದೆ?

ಜಪಾನಿನ ನಿಂಟೆಂಡೊ ಕಂಪನಿಯು 1983ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ, ಟೀವಿಗೆ ಜೋಡಿಸುವ ಆಟದ ಯಂತ್ರವನ್ನು ಹೊರತಂದಿತು. ಆ ಯಂತ್ರಕ್ಕಾಗಿ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು ರೂಪಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ 1985ರಲ್ಲಿ ಬಂತು. ಇಡೀ ಆಟದ ಗಾತ್ರ ಸುಮಾರು 40 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರ ಅದಕ್ಕಿಂತ ಹಲವು ಪಟ್ಟು ದೊಡ್ಡದು! ಅಂದಿನ ಇಡೀ ಯಂತ್ರದ ಕೆಲಸವನ್ನು ಇಂದು ಒಂದೇ ಚಿಪ್ ಮಾಡಬಲ್ಲದು. ಆದ್ದರಿಂದಲೇ ನೂರಾರು ಹಳೆಯ ಆಟಗಳನ್ನು ಸಣ್ಣ ಪೆಟ್ಟಿಗೆಯೊಂದರಲ್ಲಿ ತುಂಬಿ ಅಗ್ಗವಾಗಿ ಮಾರಲು ಸಾಧ್ಯವಾಗಿದೆ.

ಆದರೆ ಅಗ್ಗಕ್ಕೆ ಇನ್ನೊಂದು ಕಾರಣವೂ ಇದೆ. ಇಂತಹ ಹೆಸರಿಲ್ಲದ ಪೆಟ್ಟಿಗೆಗಳಲ್ಲಿ ಹೆಚ್ಚಿನವನ್ನು ತಯಾರಿಸುವವರು ಆಟಗಳನ್ನು ರಚಿಸಿದವರ ಅನುಮತಿ ಪಡೆದಿಲ್ಲ. ಅವರಿಗೆ ಒಂದು ಪೈಸೆಯನ್ನೂ ಕೊಟ್ಟಿಲ್ಲ. ಆಟಗಳನ್ನು ಹಾಗೆಯೇ ನಕಲು ಮಾಡಿ ತುಂಬಿದ್ದಾರೆ.

ಸಂಖ್ಯೆಯಲ್ಲಿಯೂ ಮೋಸವುಂಟು. ಒಂದೇ ಆಟದ ಹೆಸರು ಬದಲಿಸಿ, ಬಣ್ಣ ಬದಲಿಸಿ, ಮೂರನೆಯ ಹಂತದಿಂದಲೋ ಐದನೆಯ ಹಂತದಿಂದಲೋ ಆರಂಭವಾಗುವಂತೆ ಮಾಡಿ ಬೇರೆ ಬೇರೆ ಆಟಗಳೆಂದು ಎಣಿಸುವುದು ಈ ವ್ಯಾಪಾರದ ಹಳೆಯ ಚಾಳಿ. ಹಿಂದೆ ‘9999 ಆಟಗಳು’ ಎಂದು ಬರೆದ ಕ್ಯಾಸೆಟ್ ತಂದವರು, ಬೆರಳೆಣಿಕೆಯ ಆಟಗಳೇ ಮತ್ತೆ ಮತ್ತೆ ಬರುವುದನ್ನು ಕಂಡಿದ್ದಾರೆ. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳುವ ವ್ಯಾಪಾರಿಯನ್ನು ದೇವರು ಖಂಡಿಸುತ್ತಾರೆಂದು ಧರ್ಮೋಪದೇಶಕಾಂಡ (25:13-16) ತಿಳಿಸುತ್ತದೆ. ಡಬ್ಬದ ಮೇಲಿನ ಸುಳ್ಳು ಸಂಖ್ಯೆಯೂ ಅಂತಹದೇ ಕಳ್ಳ ತೂಕ.

3. ಕಣ್ಣಿಗೆ ಕಾಣದ ಕೆಲಸಗಾರನ ಕೂಲಿ

ಟೆಟ್ರಿಸ್ ಆಟದ ಕಥೆ ನಮಗೊಂದು ಪಾಠ. ಮೇಲಿನಿಂದ ಬೀಳುವ ಇಟ್ಟಿಗೆಯಂಥ ತುಂಡುಗಳನ್ನು ಸಾಲಾಗಿ ಜೋಡಿಸುವ ಈ ಆಟವನ್ನು 1984ರಲ್ಲಿ ಮಾಸ್ಕೋದಲ್ಲಿ ರಚಿಸಿದವರು ಅಲೆಕ್ಸಿ ಪಜಿತ್ನೊವ್ ಎಂಬ ಸಂಶೋಧಕರು. ಅಂದಿನ ಸೋವಿಯತ್ ವ್ಯವಸ್ಥೆಯಲ್ಲಿ ಅದರ ಹಕ್ಕು ಸರ್ಕಾರದ ಪಾಲಾಯಿತು. 1989ರಲ್ಲಿ ನಿಂಟೆಂಡೊ ತನ್ನ ‘ಗೇಮ್ ಬಾಯ್’ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಅಮೆರಿಕದಲ್ಲಿ ಟೆಟ್ರಿಸ್ ಸಮೇತ ಮಾರಿತು. ಕೋಟ್ಯಂತರ ಮಂದಿ ಅದನ್ನು ಆಡಿದರು. ಆದರೆ ರಚಿಸಿದವರಿಗೆ ತಮ್ಮ ಆಟದ ಗೌರವಧನ ಸಿಗಲಾರಂಭಿಸಿದ್ದು 1996ರಲ್ಲಿ, ಅಂದರೆ ಹನ್ನೆರಡು ವರ್ಷಗಳ ನಂತರ!

ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ (ಯಕೋಬ 5:4). ಬೆವರು ಸುರಿಸಿ ಭತ್ತ ಕೊಯ್ದವನ ಕೂಲಿ ನಮಗೆ ಕಾಣುತ್ತದೆ. ಮೇಜಿನ ಮುಂದೆ ಕುಳಿತು ಆಟವನ್ನೋ ಹಾಡನ್ನೋ ಪುಸ್ತಕವನ್ನೋ ರಚಿಸಿದವನ ಕೂಲಿ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಅದು ಕೂಲಿಯಲ್ಲವೇ?

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಮಾಡಿದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮುಗಳೂ ಸಾಹಿತ್ಯಕೃತಿಗಳ ಸಾಲಿಗೆ ಸೇರಿದವು. ಸಾಹಿತ್ಯಕೃತಿಯ ಹಕ್ಕು ಕರ್ತೃವಿನ ಮರಣದ ನಂತರವೂ 60 ವರ್ಷ ಉಳಿಯುತ್ತದೆ. ಆದ್ದರಿಂದ 1985ರ ಆಟ ‘ಹಳೆಯದಾಯಿತು, ಯಾರದೂ ಅಲ್ಲ’ ಎನ್ನುವಂತಿಲ್ಲ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥವು ಏಳನೆಯ ಕಟ್ಟಳೆಯನ್ನು ವಿವರಿಸುವಾಗ (ಸಂಖ್ಯೆ 2401ರಿಂದ) ಜೇಬುಗಳ್ಳತನದಲ್ಲೇ ನಿಲ್ಲುವುದಿಲ್ಲ. ಪರರ ಸೊತ್ತನ್ನು ಅನ್ಯಾಯವಾಗಿ ಇಟ್ಟುಕೊಳ್ಳುವುದು, ವ್ಯಾಪಾರದಲ್ಲಿ ವಂಚನೆ, ನ್ಯಾಯವಾದ ಕೂಲಿ ಕೊಡದಿರುವುದು ಎಲ್ಲವನ್ನೂ ಅದು ಅದೇ ಕಟ್ಟಳೆಯ ಅಡಿಯಲ್ಲಿ ತರುತ್ತದೆ.

ಒಂದು ಕ್ಷಣ ಯೋಚಿಸಿ. ಮಗು ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುತ್ತಿದೆ. ಸತ್ಯೋಪದೇಶದ ತರಗತಿಯಲ್ಲಿ ಹತ್ತು ಕಟ್ಟಳೆಗಳನ್ನು ಬಾಯಿಪಾಠ ಮಾಡಿದೆ. ತನ್ನ ಮೊದಲ ಪಾಪನಿವೇದನೆಯಲ್ಲಿ, ಪಕ್ಕದವಳ ಪೆನ್ಸಿಲ್ ತೆಗೆದುಕೊಂಡೆನೆಂದು ತೊದಲುತ್ತಾ ಹೇಳಿ ಕ್ಷಮೆ ಪಡೆದಿದೆ. ಅದೇ ಮಗುವಿನ ಕೈಗೆ, ಅದೇ ವಾರ, ನಾವು ತಿಳಿದೂ ತಿಳಿದೂ ಕದ್ದ ಆಟಗಳ ಪೆಟ್ಟಿಗೆಯನ್ನು ಉಡುಗೊರೆಯಾಗಿ ಇಡಬಹುದೇ?

4. ಮೂರು ನೆಪಗಳು

‘ಅಷ್ಟು ದೊಡ್ಡ ಕಂಪನಿಗೆ ಇದರಿಂದ ಏನು ನಷ್ಟ?’ ಸಿರಿವಂತನ ತೋಟದ ಮಾವನ್ನು ಕಿತ್ತರೂ ಅದು ಕಳವೇ. ಅಡಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಸ್ವಲ್ಪದರಲ್ಲಿ ನಂಬಿಗಸ್ತನಾಗಿರುವವನೇ ಬಹಳದ್ದರಲ್ಲಿಯೂ ನಂಬಿಗಸ್ತನಾಗಿರುತ್ತಾನೆ ಎಂಬುದು ಪ್ರಭುವಿನ ಬೋಧನೆಯ ತಿರುಳು (ಲೂಕ 16:10).

‘ಎಲ್ಲರೂ ಕೊಳ್ಳುತ್ತಾರೆ, ಅಂಗಡಿಯಲ್ಲಿ ಬಹಿರಂಗವಾಗಿ ಮಾರುತ್ತಾರೆ.’ ಬಹಿರಂಗವಾಗಿ ನಡೆಯುವುದೆಲ್ಲ ನ್ಯಾಯವಾಗದು. ‘ಎಲ್ಲರೂ ಮಾಡುತ್ತಾರೆ’ ಎಂಬ ಮಾತನ್ನು ನಾಳೆ ನಮ್ಮ ಮಗನೇ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದಾಗ ಹೇಳಿದರೆ, ನಮ್ಮ ಉತ್ತರವೇನು?

‘ಅಸಲಿ ವಸ್ತು ದುಬಾರಿ, ನಮ್ಮ ಕೈಗೆ ಎಟುಕುವುದಿಲ್ಲ.’ ಈ ಮಾತಿನಲ್ಲಿ ನೋವಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ವಿಡಿಯೋ ಗೇಮ್ ಅನ್ನದಂತೆ ಅಗತ್ಯ ವಸ್ತುವಲ್ಲ. ಒಂದು ಕೇರಂ ಹಲಗೆ ಇಡೀ ಮನೆಗೆ, ನೆರೆಮನೆಗೆ ಹಲವು ವರ್ಷಗಳ ಸಂತೋಷ ಕೊಡುತ್ತದೆ. ಚೌಕಾಬಾರ, ಅಳಗುಳಿಮಣೆ, ಲಗೋರಿ ಆಡಲು ಬ್ಯಾಟರಿಯೂ ಬೇಡ. ಅಸಲಿ ಯಂತ್ರವೇ ಬೇಕೆಂದರೆ ಅಜ್ಜಿ, ಮಾವ, ಚಿಕ್ಕಪ್ಪ ಎಲ್ಲರ ಉಡುಗೊರೆಯ ಹಣವನ್ನು ಕೂಡಿಸಿ ಒಂದನ್ನು ಕೊಂಡು, ಅಣ್ಣತಮ್ಮಂದಿರ ಮಕ್ಕಳೆಲ್ಲ ಹಂಚಿಕೊಂಡು ಆಡಬಹುದು. ಹಂಚಿಕೊಳ್ಳುವುದನ್ನು ಕಲಿಯುವುದೂ ಒಂದು ಉಡುಗೊರೆಯೇ.

5. ಕೊಳ್ಳುವ ಮೊದಲು

ಹಳೆಯ ಆಟಗಳನ್ನು ನ್ಯಾಯವಾಗಿ ಅಡಕಮಾಡಿದ ಯಂತ್ರಗಳೂ ಬಂದಿವೆ. ನಿಂಟೆಂಡೊ 2020ರಲ್ಲಿ ಮಾರಿಯೋ ಆಟಗಳಿರುವ ‘ಗೇಮ್ ಅಂಡ್ ವಾಚ್’ ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. ಅದರಲ್ಲಿದ್ದದ್ದು 400 ಅಲ್ಲ, ಮೂರೇ ಆಟ. ಅದೇ ವರ್ಷ ಜಪಾನಿನಲ್ಲಿ ಸೆಗಾ ಕಂಪನಿ ಮಾರಿದ ‘ಗೇಮ್ ಗಿಯರ್ ಮೈಕ್ರೋ’ ಒಂದೊಂದರಲ್ಲೂ ನಾಲ್ಕು ಆಟ. ಹಕ್ಕುದಾರರ ಅನುಮತಿ ಪಡೆದ ಹಳೆಯ ಆಟಗಳನ್ನು ಕ್ಯಾಸೆಟ್ಟಿನ ರೂಪದಲ್ಲಿ ಕೊಡುವ ‘ಎವರ್‌ಕೇಡ್’ ಕೂಡ 2020ರಲ್ಲಿಯೇ ಬಂತು. ಅಂಗಡಿಯಲ್ಲಿ ಈ ಅಂಶಗಳನ್ನು ಪರಿಶೀಲಿಸಿ:

ಒಂದು: ಡಬ್ಬದ ಮೇಲೆ ಆಟಗಳ ಹೆಸರು ಮತ್ತು ಅವುಗಳ ಹಕ್ಕುದಾರರ ಹೆಸರು ಮುದ್ರಿತವಾಗಿದೆಯೇ? ಬರೀ ಸಂಖ್ಯೆಯಿದ್ದು ಹೆಸರಿಲ್ಲದಿದ್ದರೆ ಅನುಮಾನಿಸಿ.

ಎರಡು: ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ವಿಳಾಸ ಇವೆಯೇ? ಡಬ್ಬದಲ್ಲಿ ಮಾರುವ ಸರಕಿನ ಮೇಲೆ ಇವು ಇರಲೇಬೇಕೆಂದು 2011ರ ನಿಯಮಗಳು ವಿಧಿಸಿವೆ.

ಮೂರು: ಅಂಗಡಿಯವರು ಬಿಲ್ ಕೊಡುತ್ತಾರೆಯೇ? ಬಿಲ್ ಇಲ್ಲದಿದ್ದರೆ ಕೆಟ್ಟ ವಸ್ತುವನ್ನು ಹಿಂದಿರುಗಿಸುವುದೂ ಕಷ್ಟ.

ನಾಲ್ಕು: ಬ್ಯಾಟರಿ ಉಬ್ಬಿದೆಯೇ, ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗುತ್ತದೆಯೇ? ಹಾಗಿದ್ದರೆ ಬಳಸಬೇಡಿ. ದಿಂಬಿನ ಪಕ್ಕದಲ್ಲಿಟ್ಟು ರಾತ್ರಿಯಿಡೀ ಚಾರ್ಜ್ ಮಾಡಲು ಬಿಡಬೇಡಿ.

ಈಗಾಗಲೇ ತಿಳಿಯದೆ ಕೊಂಡವರು ಕಳವಳಪಡಬೇಕಾಗಿಲ್ಲ. ಅರಿವಿಲ್ಲದೆ ಮಾಡಿದ್ದಕ್ಕೂ ಅರಿತು ಮಾಡಿದ್ದಕ್ಕೂ ಅಂತರವಿದೆ. ಮಕ್ಕಳಿಗೆ ನಿಜ ಸಂಗತಿ ಹೇಳಿ. ಅದನ್ನು ಮತ್ತೊಬ್ಬರಿಗೆ ಮಾರಬೇಡಿ, ಇನ್ನೊಂದನ್ನು ಕೊಳ್ಳಬೇಡಿ. ಮನಸ್ಸು ಕುಟುಕುತ್ತಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳೊಡನೆ ಮಾತನಾಡಿ.

6. ಮನೆಗೆ ತಂದ ಮೇಲೆ

ಹಳೆಯ ಆಟಗಳ ಯಂತ್ರದಲ್ಲಿ ಒಂದು ಒಳ್ಳೆಯ ಗುಣವಿದೆ. ಇಂಟರ್ನೆಟ್ ಸಂಪರ್ಕವಿಲ್ಲದ ಯಂತ್ರದಲ್ಲಿ ಅಪರಿಚಿತರು ಮಗುವಿನೊಡನೆ ಮಾತಿಗೆ ಬರುವುದಿಲ್ಲ, ಜಾಹೀರಾತು ಇಣುಕುವುದಿಲ್ಲ, ಆಟದ ನಡುವೆ ಹಣ ಕಟ್ಟೆಂದು ಕೇಳುವುದಿಲ್ಲ. ಆದರೆ ಸಮಯವನ್ನು ನುಂಗುವ ಶಕ್ತಿ ಅದಕ್ಕೂ ಇದೆ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮೇಲಾಗುವುದು, ಹಾನಿಯಾಗುತ್ತಿದ್ದರೂ ನಿಲ್ಲಿಸಲಾಗದಿರುವುದು - ಈ ಲಕ್ಷಣಗಳುಳ್ಳ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಈ ವಿಷಯದಲ್ಲಿ ಮಕ್ಕಳಿಗೆ ಒಬ್ಬ ಗೆಳೆಯನಿದ್ದಾನೆ. 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ ಇಟಲಿಯ ಬಾಲಕ ಕಾರ್ಲೊ ಅಕುತಿಸ್ ವಿಡಿಯೋ ಗೇಮ್ ಪ್ರಿಯ. ಆದರೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ. ದಿನಂಪ್ರತಿ ಬಲಿಪೂಜೆಗೆ ಹೋಗುತ್ತಿದ್ದ. 2025ರ ಸೆಪ್ಟೆಂಬರ್ 7ರಂದು ವಿಶ್ವಗುರು 14ನೇ ಲಿಯೋರವರು ಅವನನ್ನು ಸಂತನೆಂದು ಘೋಷಿಸಿದರು. ಆಟವನ್ನು ಬಿಟ್ಟವನಲ್ಲ, ಆಟಕ್ಕೆ ಆಳಾಗದವನು!

ಮಿತಿಯನ್ನು ಮಕ್ಕಳ ಜೊತೆ ಕುಳಿತೇ ನಿರ್ಧರಿಸಿ. ಊಟದ ಹೊತ್ತು, ಓದಿನ ಹೊತ್ತು, ಸಂಜೆಯ ಜಪಸರದ ಹೊತ್ತು, ಭಾನುವಾರದ ಬಲಿಪೂಜೆ ಮುಗಿಯುವವರೆಗೆ ಪೆಟ್ಟಿಗೆ ಬೀರುವಿನಲ್ಲಿರಲಿ. ಗುಂಡು ಹಾರಿಸುವ ಆಟಗಳನ್ನು ಎಳೆಯರಿಗೆ ಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ನೀವೂ ಜೊತೆಯಲ್ಲಿ ಕುಳಿತು ಆಡಿ. ಸಂತ ಜಾನ್ ಬೋಸ್ಕೊರವರು 1884ರಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ, ಆಟದ ಬಯಲಿನಲ್ಲಿ ಗುರುಗಳು ಮಕ್ಕಳಿಂದ ದೂರ ನಿಂತಿರುವುದನ್ನು ಕುರಿತು ವ್ಯಥೆಪಟ್ಟಿದ್ದರು. ಮಕ್ಕಳು ಪ್ರೀತಿಸುವುದನ್ನು ನಾವು ಪ್ರೀತಿಸಿದರೆ, ನಾವು ಪ್ರೀತಿಸುವುದನ್ನು ಅವರು ಪ್ರೀತಿಸಲು ಕಲಿಯುತ್ತಾರೆಂಬುದು ಅವರ ಶಿಕ್ಷಣದ ಗುಟ್ಟು. ಅಪ್ಪ ಮಗನ ಪಕ್ಕದಲ್ಲಿ ಕುಳಿತು ಸೋತು ನಕ್ಕರೆ, ಅದೇ ಮಗ ಜಪಸರಕ್ಕೆ ಅಪ್ಪನ ಪಕ್ಕದಲ್ಲಿ ಬಂದು ಕೂರುವುದು ಸುಲಭವಾಗುತ್ತದೆ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ನಕಲು ಮಾಡಿದ ಆಟ, ಹಾಡು, ಚಲನಚಿತ್ರ, ಪುಸ್ತಕ ಯಾವುವಿವೆ? ಅವುಗಳ ಹಿಂದೆ ಯಾರ ದುಡಿಮೆಯಿದೆ?

2. ಅಗ್ಗದ ಬೆಲೆ ಕಂಡಾಗ, ‘ಇದು ಇಷ್ಟು ಅಗ್ಗವೇಕೆ?’ ಎಂದು ನಾವು ಕೇಳಿಕೊಳ್ಳುತ್ತೇವೆಯೇ?

3. ಕಳೆದ ಒಂದು ತಿಂಗಳಲ್ಲಿ ತಂದೆತಾಯಿ ಮಕ್ಕಳು ಒಟ್ಟಿಗೆ ಎಷ್ಟು ಬಾರಿ ಆಡಿದ್ದೇವೆ?

ಈ ವಾರದ ನಿರ್ಧಾರ: ಒಂದು ಸಂಜೆ ಟೀವಿ, ಮೊಬೈಲ್ ಎರಡನ್ನೂ ಆರಿಸಿ, ಇಡೀ ಕುಟುಂಬ ಒಂದು ಗಂಟೆ ಆಡೋಣ, ಬಳಿಕ ಒಟ್ಟಾಗಿ ಪ್ರಾರ್ಥಿಸೋಣ.

ಪ್ರಾರ್ಥನೆ: ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಯೇಸುಸ್ವಾಮಿ, ದುಡಿದವರ ಕೂಲಿಯನ್ನು ಗೌರವಿಸುವ ಪ್ರಾಮಾಣಿಕತೆಯನ್ನೂ, ಮಕ್ಕಳೊಡನೆ ನಕ್ಕು ನಲಿಯುವ ಮನಸ್ಸನ್ನೂ ನಮ್ಮ ಕುಟುಂಬಗಳಿಗೆ ದಯಪಾಲಿಸಿರಿ. ಆಮೆನ್.