ಕಾಣದ ಪ್ರಯೋಗಶಾಲೆ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯು ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯಕ್ಕೆ ಹೆಸರಾದುದು. ಅಲ್ಲಿ ಐದು ಗರ್ಭಗೃಹಗಳು ಒಂದೇ ಸಾಲಿನಲ್ಲಿವೆ. ಬಾಗಿಲ ಬಳಿ ದ್ವಾರಪಾಲಕರು ನಿಂತಿದ್ದಾರೆ. ಇಂದು ಕಾವಲು ಬೇಕಾದ ಬಾಗಿಲುಗಳು ಬೇರೆ ಬಗೆಯವು. ಬ್ಯಾಂಕಿನ ಲೆಕ್ಕ, ರೈತನ ಪಹಣಿ ಎಲ್ಲವೂ ಗಣಕಯಂತ್ರದೊಳಗಿವೆ.

ಅವನ್ನು ಕಾಯುವವನು ಕಳ್ಳನ ಕೈಚಳಕವನ್ನೂ ಅರಿತಿರಬೇಕು. ಆದರೆ ಕಲಿಯುವುದೆಲ್ಲಿ? ಪರರ ಗಣಕಕ್ಕೆ ಅಪ್ಪಣೆಯಿಲ್ಲದೆ ಕಪಟದಿಂದ ನುಗ್ಗಿದವನಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕುತೂಹಲದ ಬಾಲಕನಿಗೂ ಕಳ್ಳನಿಗೂ ಇರುವ ಭೇದ ಹೊರಗಿನವರಿಗೆ ಸುಲಭವಾಗಿ ಕಾಣದು. ಈ ತೊಡಕನ್ನು ಕಳೆದುದು 'ವರ್ಚುವಲ್ ಲ್ಯಾಬ್' ಎಂಬ ತೋರಿಕೆಯ ಪ್ರಯೋಗಶಾಲೆ. ದೊಡ್ಡ ಗಣಕವೊಂದು ತಂತ್ರಾಂಶದ ಬಲದಿಂದ ತನ್ನೊಳಗೇ ಹಲವು ಗಣಕಗಳನ್ನು ಸೃಷ್ಟಿಸುತ್ತದೆ. ವಿದ್ಯಾರ್ಥಿಯು ಒಂದನ್ನು ಕೆಡಿಸಿದರೆ ಅದನ್ನಳಿಸಿ ಹೊಸದನ್ನು ಕೊಡಬಹುದು. ರಸಾಯನಶಾಸ್ತ್ರದ ಗಾಜಿನ ಪ್ರನಾಳಕ್ಕೆ ಈ ಭಾಗ್ಯವಿಲ್ಲ!

ಇಂತಹ ಪ್ರಯೋಗಶಾಲೆಗಳನ್ನು ಆಧರಿಸಿದ ಸ್ಪರ್ಧೆಗಳೂ ಉಂಟು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು 2013ರಲ್ಲಿ ಶಾಲಾ ವಿದ್ಯಾರ್ಥಿಗಳಿಗಾಗಿ 'ಪಿಕೋ ಸಿಟಿಎಫ್' ಸ್ಪರ್ಧೆಯನ್ನು ಆರಂಭಿಸಿತು. ಅದಕ್ಕೆ ಶುಲ್ಕವಿಲ್ಲ. ಹದಿಮೂರು ತುಂಬಿದವರು ಹಿರಿಯರ ಒಪ್ಪಿಗೆ ಪಡೆದು ಸೇರಬಹುದು. ಅಂತರಜಾಲವುಳ್ಳ ಸಾಧಾರಣ ಗಣಕವೊಂದಿದ್ದರೆ ಗೋವಿಂದನಹಳ್ಳಿಯಿಂದಲೂ ಸ್ಪರ್ಧಿಸಲು ಅಡ್ಡಿಯಿಲ್ಲ. ಪ್ರತಿ ಸಮಸ್ಯೆಯಲ್ಲಿ ಅಡಗಿಸಿಟ್ಟ ಗುಟ್ಟಿನ ಅಕ್ಷರಮಾಲೆಯನ್ನು ಹುಡುಕಿ ಒಪ್ಪಿಸಬೇಕು; ಅದಕ್ಕೆ 'ಬಾವುಟ'ವೆಂದು ಹೆಸರು.

ಸುಲಭದ ಸಮಸ್ಯೆಗಳಲ್ಲಿ ಅಕ್ಷರಪಲ್ಲಟವೂ ಒಂದು. ಕನ್ನಡ ವರ್ಣಮಾಲೆಯಲ್ಲಿ ವ್ಯಂಜನಗಳನ್ನು ಒಂದೊಂದು ಸ್ಥಾನ ಮುಂದೆ ಸರಿಸಿದರೆ 'ಕಮಲ'ವು 'ಖಯವ' ಆಗುತ್ತದೆ. ಬಿಡಿಸುವವನು ಹಿಂದಕ್ಕೆ ಸರಿಸಿ ಕಮಲವನ್ನು ಪಡೆಯಬೇಕು. ಎಷ್ಟು ಸ್ಥಾನ ಸರಿದಿದೆ ಎಂಬುದನ್ನು ಮಾತ್ರ ಕೆಲವೊಮ್ಮೆ ಯಾರೂ ಹೇಳುವುದಿಲ್ಲ.